ಮೋರಿ ಕಾಯುವ ಮೇಷ್ಟ್ರು

ಮರ್ಗಿಲಾನ್ ಪಟ್ಟಣದ ನಮ್ಮ ಓಣಿಯಲ್ಲಿ ಯಾರ ಮನೆ ಮುಂದೆ ಇಟ್ಟಿಗೆ ಲಾರಿ ನಿಂತರೂ ತುರ್ದಿಯಲಿ ಮೇಷ್ಟ್ರು ಹಾಜರ್. ಎಷ್ಟು ಅಂತಸ್ತು ಕಟ್ಟುತ್ತೀರಿ, ಯಾವ ಮಗನಿಗೆ ಎಂದು ಲೋಕಾಭಿರಾಮವಾಗಿ ಕೇಳುವ ಜನವಲ್ಲ ಅವರು. ಕೈ ಹಿಂದೆ ಕಟ್ಟಿಕೊಂಡು ಬಂದು, ನೀರು ಬಿಟ್ಟಾಗ ಗೇಟಿನ ಮುಂದೆ ಹರಿಯುವ ಬೀದಿ ಕಾಲುವೆಯನ್ನೂ ಅದು ರಸ್ತೆಯಡಿ ನುಗ್ಗುವ ಮೋರಿಯ ಬಾಯನ್ನೂ ಬಗ್ಗಿ ನೋಡುತ್ತಿದ್ದರು.

"ಮರಳು ಎಲ್ಲಿ ಸುರೀತೀಯೋ?"

"ಇಲ್ಲೇ ಮೇಷ್ಟ್ರೇ, ಕಾಲುವೆ ಪಕ್ಕ."

"ನಿನ್ನ ಹಾಸಿಗೆ ಮೇಲೆ ಸುರ್ಕೋ. ಕಾಲುವೆ ಪಕ್ಕ ಒಂದು ಹಿಡಿ ಬಿದ್ರೂ ನಾನು ಇಲ್ಲಿಂದ ಏಳಲ್ಲ."

ಹಾಗೆಂದು ಅಲ್ಲೇ ಕೂತೂ ಬಿಡುತ್ತಿದ್ದರು. ಮನೆಯವರು ಚಹಾ ಕೊಟ್ಟು ಕೊಟ್ಟು ಸುಸ್ತಾಗಿ ಅಡ್ಡ ಹಲಗೆ ನಿಲ್ಲಿಸಿ ಮರಳನ್ನು ಅದರ ಹಿಂದಕ್ಕೆ ಎಳೆಸುತ್ತಿದ್ದರು. ಕರಣೆ, ಬಾಂಡ್ಲಿ ತೊಳೆಯುವುದೆಲ್ಲ ಪೀಪಾಯಿಯಲ್ಲೇ ಆಗಬೇಕು. ಸಿಮೆಂಟು ಕಲಸುವಾಗ ಮೋರಿಯ ಬಾಯಿಗೆ ಗೋಣಿಚೀಲ ಕಟ್ಟಬೇಕು, ಕೆಲಸ ಮುಗಿದ ಕೂಡಲೇ ಬಿಚ್ಚಬೇಕು. ಇದು ಅವರ ಕಾನೂನು. ಮೇಷ್ಟ್ರು ಶಾಲೆಯಲ್ಲಿ ಡ್ರಿಲ್ ಕಲಿಸಿದವರು. ಓಣಿಯ ಅರ್ಧ ಗಂಡಸರು ಅವರ ಶಿಷ್ಯರು. ಮೊಮ್ಮಕ್ಕಳನ್ನು ಎತ್ತಿಕೊಂಡವರು ಕೂಡ ಆ ಗಂಟಲು ಕೇಳಿದರೆ ಹಿಮ್ಮಡಿ ಜೋಡಿಸುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ಎದುರುಮನೆಯ ಜೊರಾಬೊಯ್. ಮದುವೆ ಮನೆಗಳಿಗೆ ಪಲಾವ್ ಮಾಡುವುದು ಅವನ ಕಸುಬು, ತನ್ನ ಮನೆಯ ಗೋಡೆ ಕೆಡವಿ ಕಟ್ಟುವುದು ಅವನ ಚಟ. ಒಮ್ಮೆ ಮೇಷ್ಟ್ರ ಕೆಮ್ಮು ಕೇಳಿ, ಸಿಮೆಂಟು ಮೆತ್ತಿದ ಕರಣೆ ಸಮೇತ ಕೋಳಿಗೂಡಿನಲ್ಲಿ ಅಡಗಿ ಕೂತಿದ್ದ. ಕೋಳಿಗಳೇ ಹಿಡಿದುಕೊಟ್ಟವು.

ಮೇಷ್ಟ್ರು ಹೀಗಾದದ್ದಕ್ಕೆ ಕಾರಣವಿತ್ತು. ಹಿಂದೊಮ್ಮೆ ಓಣಿಯ ತುದಿಯಲ್ಲಿ ಅಂಗಡಿ ಕಟ್ಟಿದವರು ದಿನವೂ ಸಿಮೆಂಟು ನೀರನ್ನು ಕಾಲುವೆಗೆ ಚೆಲ್ಲಿದರು. ಅದು ಮೋರಿಯೊಳಗೆ ಕಲ್ಲಾಗಿ ಕೂತು, ವಸಂತದಲ್ಲಿ ನೀರು ಬಿಟ್ಟಾಗ ಓಣಿಯೆಲ್ಲ ಹೊಳೆ. ಮೇಷ್ಟ್ರ ಹೆಂಡತಿ ಉಮ್ರಿನಿಸಾ ಹೆಣ್ಣುಮಕ್ಕಳ ಮದುವೆಗೆಂದು ಹೊಲಿದಿಟ್ಟ ಕೌದಿಗಳು ನೆನೆದು ಹಿಪ್ಪೆಯಾದವು. ರಸ್ತೆ ಅಗೆಸಿ ಮೋರಿ ಬಿಡಿಸಬೇಕಾಯಿತು. ಹೆಂಡತಿಯ ಅಳು ನೋಡಲಾರದೆ ಮೇಷ್ಟ್ರು ಅಂದೇ ಕಾವಲಿಗೆ ನಿಂತವರು.

ಈಗ ಅವರದೇ ಮನೆಯ ಸರದಿ ಬಂತು. ಕೊನೆಯ ಮಗನಿಗೆ ಮದುವೆ, ಮೇಲೊಂದು ಕೋಣೆ ಬೇಕು. ಚಾವಣಿಗೆ ಕಾಂಕ್ರೀಟು ಹಾಕುವ ದಿನ ಹಶರ್ ಕರೆದರು. ಅಂದರೆ ಓಣಿಯವರೆಲ್ಲ ಬಂದು ಕೂಲಿಯಿಲ್ಲದೆ ದುಡಿಯುವುದು, ಮನೆಯವರು ಹೊಟ್ಟೆ ತುಂಬ ಊಟ ಹಾಕುವುದು. ಅಂಥ ಹಶರ್ ನಮ್ಮಲ್ಲಿ ಹಿಂದೆ ಆಗಿರಲಿಲ್ಲ. ಬೆನ್ನುನೋವಿನವರೂ ಬಂದರು. ಎಲ್ಲರ ಕೈ ಬಾಂಡ್ಲಿಯ ಮೇಲೆ, ಕಣ್ಣು ಮಾತ್ರ ಮೇಷ್ಟ್ರ ಮೋರಿಯ ಮೇಲೆ. ಇವತ್ತು ಒಂದು ಹನಿ ಸಿಮೆಂಟು ಬಿದ್ದರೆ ಸಾಕು, ಇನ್ನು ಮೇಷ್ಟ್ರು ಯಾರಿಗೂ ಬಾಯಿ ಮಾಡುವಂತಿಲ್ಲ.

ಇದು ಮೇಷ್ಟ್ರಿಗೂ ಗೊತ್ತಿತ್ತು. ಹೆದರಿಕೆಯಿಂದ ರಾತ್ರಿ ನಿದ್ದೆ ಹತ್ತಿರಲಿಲ್ಲ. ಬೆಳಗಾಗುತ್ತಲೇ ಮೋರಿಗೆ ಗೋಣಿಚೀಲ ಕಟ್ಟಿದರು. ಸಾಲದೆನಿಸಿ ಇನ್ನೊಂದು ಚೀಲ, ಅದರ ಮೇಲೆ ಟಾರ್ಪಾಲು, ಹಲಗೆ, ಹಳೆಯ ಕೌದಿ, ಕೌದಿ ಹಾರದಂತೆ ಕಲ್ಲು.

ಉಮ್ರಿನಿಸಾ ಗೇಟಿನಲ್ಲಿ ನಿಂತು ನೋಡಿದಳು. "ರೀ, ಮೋರಿಗೆ ಚಳಿ ಜ್ವರಾನಾ?"

"ನಿನಗೆ ಗೊತ್ತಾಗಲ್ಲ, ಸುಮ್ನಿರು."

ಕೆಲಸ ಸಾಂಗವಾಗಿ ನಡೆಯಿತು. ಜೊರಾಬೊಯ್ ಕಾಲುವೆಯ ಪಕ್ಕದ ತಗ್ಗಿನಲ್ಲಿ ಒಲೆ ತೋಡಿ, ದೊಡ್ಡ ಕೊಪ್ಪರಿಗೆಯಲ್ಲಿ ಕುರಿಮಾಂಸ, ಕ್ಯಾರೆಟ್ಟು ಹುರಿದು ಅಕ್ಕಿ ಹಾಕಿದ. ಸಂಜೆಯ ಹೊತ್ತಿಗೆ ಚಾವಣಿ ಮುಗಿಯಿತು. ಕಾಲುವೆಗೆ ಒಂದು ಹನಿ ಬಿದ್ದಿರಲಿಲ್ಲ. ಗಂಡಸರು ಬೇಸರದಿಂದ ಕೈ ತೊಳೆದರು, ಅದೂ ಪೀಪಾಯಿಯಲ್ಲೇ.

ಮೇಷ್ಟ್ರು ಚಹಾ ಬಟ್ಟಲು ಹಿಡಿದು ಎದ್ದು ನಿಂತರು. "ನೋಡಿದ್ರೇನ್ರಪ್ಪಾ? ಮನಸ್ಸಿದ್ರೆ ಆಗತ್ತೆ. ಮೋರಿ ಅಂದ್ರೆ ಮನೆ ಗಂಟಲಿದ್ದ ಹಾಗೆ. ನಿಮ್ಮ ಗಂಟಲಿಗೆ ಸಿಮೆಂಟ್ ಸುರ್ಕೋತೀರಾ? ಜೊರಾಬೊಯ್, ಏನೋ ನಗ್ತೀಯಾ?"

"ನಾನು ನಗ್ತಿಲ್ಲ ಮೇಷ್ಟ್ರೇ. ನಿಮ್ಮ ಕಾಲಡಿ ನೋಡ್ತಿದೀನಿ."

ಮೇಷ್ಟ್ರ ಕಾಲಡಿ ನೀರು ಹರಿಯುತ್ತಿತ್ತು. ಹೊಸ ಚಾವಣಿಗೆ ನೀರುಣಿಸಬೇಕು, ಸಂಜೆಗೇ ನೀರು ಬಿಡು ಎಂದು ನೀರ್ಗಂಟಿ ಕಂಬರನಿಗೆ ಬೆಳಗ್ಗೆ ಹೇಳಿ ಬಂದವರು ಅವರೇ. ಕಂಬರ್ ಪಾಪ, ಮೇಷ್ಟ್ರ ಮಾತೆಂದು ಧಾರಾಳವಾಗಿ ಬಿಟ್ಟಿದ್ದ. ಬಂದ ನೀರಿಗೆ ಮೋರಿಯೊಳಗೆ ದಾರಿಯಿಲ್ಲ. ದಡ ಮೀರಿ ತಗ್ಗು ಹುಡುಕಿಕೊಂಡು ಹೋಯಿತು. ಕೊಪ್ಪರಿಗೆಯಡಿಯ ಒಲೆ ಚುಂಯ್ ಎಂದಿತು.

ಹೊಗೆಯೊಳಗಿಂದ ಎಲ್ಲರೂ ಒಲೆಯನ್ನು ನೋಡಿದರು, ಮೋರಿಯನ್ನು ನೋಡಿದರು, ಆಮೇಲೆ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಮೊಣಕಾಲುದ್ದ ನೀರಿಗಿಳಿದು ಕಲ್ಲು ತೆಗೆದರು, ಕೌದಿ ಎಳೆದರು, ಹಲಗೆ ಕಿತ್ತರು. ಅವರು ಕಟ್ಟಿದ ಗಂಟು ಅವರಿಗೇ ಬಿಚ್ಚಲಾಗಲಿಲ್ಲ. ಚಾಕು ತಂದು ಚೀಲ ಕುಯ್ಯುವಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಗಳು ತೇಲುತ್ತಿದ್ದವು.

"ಒಂದ್ ಹನಿ ಸಿಮೆಂಟ್ ಮಾತ್ರ ಬೀಳ್ಲಿಲ್ಲ ಬಿಡಿ ಮೇಷ್ಟ್ರೇ," ಎಂದ ಜೊರಾಬೊಯ್.

ಹಶರಿಗೆ ಬಂದವರು ಉಣ್ಣದೆ ಹೋಗುವಂತಿಲ್ಲ. ಅರೆಬೆಂದ ಅಕ್ಕಿಯನ್ನು ಕಟಕಟ ಅಗಿದು, ದೇವರಿಗೆ ಕೈಯೆತ್ತಿ, ನಗು ತಡೆಯಲು ಮುಖ ಗಂಟಿಕ್ಕಿಕೊಂಡು ಹೊರಬಿದ್ದರು. ತಿರುವು ದಾಟಿದ ಮೇಲೆ ಅವರು ನಕ್ಕ ನಗು ಮೇಷ್ಟ್ರ ಕೋಣೆಯವರೆಗೂ ಕೇಳಿಸಿತು.

ಅಲ್ಲಿಂದ ಮೇಷ್ಟ್ರು ಹೊರಗೆ ಬರಲಿಲ್ಲ. ಊಟ ಸೇರದು. "ಇನ್ ಯಾವ ಮುಖ ಇಟ್ಕೊಂಡು ಗದರ್ಲಿ?" ಎಂದರು ಒಂದು ದಿನ ಗೋಡೆಗೆ. ಉಮ್ರಿನಿಸಾಳಿಗೆ ದಿಗಿಲಾಯಿತು. ಓಣಿಗೆ ಮೊದಲು ಹಾಯೆನಿಸಿತು. ಒಬ್ಬನಂತೂ ಕಾಲುವೆಯ ಅಂಚಿಗೇ ಮರಳು ಸುರಿಸಿ, ಮೇಷ್ಟ್ರ ಗೇಟಿನ ಕಡೆ ನೋಡುತ್ತ ನಿಂತ. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ನಿಂತು, ತಾನೇ ಅದನ್ನು ಹಲಗೆಯ ಹಿಂದಕ್ಕೆ ಎಳೆದುಕೊಂಡ.

ಒಂದು ಬೆಳಿಗ್ಗೆ ಮೇಷ್ಟ್ರ ಗೇಟಿನೆದುರೇ ಕರಣೆಯಿಂದ ಬಾಂಡ್ಲಿ ಕೆರೆಯುವ ಸದ್ದು.

"ರೀ, ಜೊರಾಬೊಯ್ ಕಾಲುವೇಲಿ ತೊಳೀತಿದಾನೆ," ಎಂದಳು ಉಮ್ರಿನಿಸಾ.

"ತೊಳ್ಕೊಳ್ಲಿ. ನನಗೇನು."

ಹೊರಗೆ ದಬದಬ ಸುರಿದ ಸದ್ದು. ಇನ್ನೊಮ್ಮೆ. ಮೂರನೆಯ ಸಲಕ್ಕೆ ಮೇಷ್ಟ್ರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿದ್ದರು.

"ಲೋ ದರಿದ್ರದವನೇ, ಎಷ್ಟ್ ಸಲ ಬಡ್ಕೋಬೇಕೋ ನಿನಗೆ? ಆ ಸಿಮೆಂಟು ಮೋರೀಲಿ ಕಲ್ಲಾದ್ರೆ ನಿಮ್ಮಪ್ಪ ಬಂದು ಒಡೀತಾನಾ?"

ಜೊರಾಬೊಯ್ ಎದ್ದು ಹಿಮ್ಮಡಿ ಜೋಡಿಸಿ ನಿಂತ. ಮೇಷ್ಟ್ರು ಬಾಂಡ್ಲಿ ಕಸಿದುಕೊಂಡು ಒಳಗೆ ನೋಡಿದರು. ಬರೀ ನೀರು. ತಳ ಕಾಣುವಷ್ಟು ತಿಳಿ. ಕರಣೆಯಲ್ಲೂ ಸಿಮೆಂಟಿನ ಸುಳಿವಿಲ್ಲ.

ತಲೆಯೆತ್ತಿದರೆ ಓಣಿಯುದ್ದಕ್ಕೂ ಗೇಟುಗಳು ಅರೆ ತೆರೆದಿದ್ದವು, ಪ್ರತಿ ಗೇಟಿನಲ್ಲೂ ಒಂದೊಂದು ತಲೆ.

"ಬೈದು ಮುಗಿಸಿ ಮೇಷ್ಟ್ರೇ," ಎಂದ ಜೊರಾಬೊಯ್ ಮೆಲ್ಲಗೆ, ಬೇರೆ ಕಡೆ ನೋಡುತ್ತ. "ಎಲ್ರೂ ಕಾಯ್ತಿದಾರೆ."

ಮೇಷ್ಟ್ರು ತೋಳಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಇಷ್ಟು ಸಂತೋಷ ಮಗನ ಮದುವೆ ಗೊತ್ತಾದಾಗಲೂ ಆಗಿರಲಿಲ್ಲ.

"ಕುಡಿಯೋ ನೀರನ್ನ ಹೀಗೆ ಬೀದಿಗೆ ಚೆಲ್ತೀಯಲ್ಲೋ," ಎಂದು ಶುರು ಮಾಡಿದರು, "ನಾಚಿಕೆ ಆಗಲ್ವೇನೋ ನಿನಗೆ?"