ಅಕ್ಕಿ ಡಬ್ಬದಲ್ಲಿ ಬಿಳಿ ಸ್ಟ್ರಾಬೆರಿ

ನಮ್ಮ ಮನೆಯ ತಾರಸಿಯಲ್ಲಿ ಬಿಳಿ ಸ್ಟ್ರಾಬೆರಿ ಬೆಳೆಯುತ್ತದೆ. ಕಾಯಿ ಹಸಿರಾಗಿರುತ್ತದೆ, ಹಣ್ಣಾದರೆ ಬೆಳ್ಳಗಾಗುತ್ತದೆ, ಹಾಗೇ ಇರುತ್ತದೆ. ಕೆಂಪಾಗುವುದೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಯಜಮಾನರಿಗೂ ಹೇಳಿದ್ದೆವು. ಅವರು ಕಿವಿಗೆ ಹಾಕಿಕೊಂಡಿರಲಿಲ್ಲ.

ಬೆಳೆಯುವವಳು ನನ್ನ ಸೊಸೆ. ಮೈಸೂರಿನ ರಾಜೀವನಗರದಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಮಣ್ಣು ನೋಡಬೇಕೆಂದರೆ ಹೂಕುಂಡಕ್ಕೇ ಇಣುಕಬೇಕು. ಇದ್ದದ್ದು ತಾರಸಿಯೊಂದೇ, ಅಲ್ಲಿ ನಾನು ಸಂಡಿಗೆ ಒಣಗಿಸುತ್ತಿದ್ದೆ. ಎರಡು ವರ್ಷದ ಹಿಂದೆ ಅವಳು ಊಟಿ ಕಡೆಯಿಂದ ಸಸಿ ತರಿಸಿದಳು. ಮೀನಂಗಡಿಯವರು ಬಿಸಾಡಿದ ಥರ್ಮೋಕೋಲ್ ಡಬ್ಬಗಳನ್ನು ಹೊತ್ತು ತಂದು, ತೊಳೆದು, ತೆಂಗಿನ ನಾರಿನ ಪುಡಿ ತುಂಬಿ ನೆಟ್ಟಳು.

"ವಾಸನೆ ಹೋಗೋಗಂಟ ನನ್ನ ಸಂಡಿಗೆ ಹತ್ರ ಇಡ್ಬೇಡ ಕಣಮ್ಮ," ಅಂದೆ.

ಮೊದಲ ಬೇಸಿಗೆಗೆ ಅರ್ಧಕ್ಕರ್ಧ ಗಿಡ ಸುಟ್ಟುಹೋಯಿತು. ನಾನಾಗಿದ್ದರೆ ಆ ಡಬ್ಬಕ್ಕೆ ಕೊತ್ತಂಬರಿ ಚೆಲ್ಲಿ ಕೈ ತೊಳೆದುಕೊಳ್ಳುತ್ತಿದ್ದೆ. ಅವಳು ಹಸಿರು ನೆಟ್ ಕಟ್ಟಿ, ಉಳಿದ ಗಿಡಗಳು ಬಿಟ್ಟ ಹಂಬಿನಿಂದಲೇ ಹೊಸ ಸಸಿ ಎಬ್ಬಿಸಿದಳು. ಈ ಚಳಿಗಾಲ ಹೂ ಬಿಟ್ಟಾಗ ಮಕ್ಕಳು ಬಣ್ಣ ಹಚ್ಚುವ ಬ್ರಷ್ ಹಿಡಿದುಕೊಂಡು ಬೆಳಿಗ್ಗೆ ಬೆಳಿಗ್ಗೆ ಒಂದೊಂದು ಹೂವಿನ ಒಳಗೂ ಸವರುತ್ತ ಕೂತಿದ್ದಳು.

"ಏನೇ ಇದು, ಹೂವಿಗೆ ಕಾಡಿಗೆ ಹಚ್ತಿದ್ದೀಯ?"

"ಜೇನು ಮಾಡೋ ಕೆಲ್ಸ ಅತ್ತೆ. ಇಲ್ಲಿ ಜೇನು ಕಮ್ಮಿ. ಇಲ್ದಿದ್ರೆ ಹಣ್ಣು ಸೊಟ್ಟಗಾಗ್ತದೆ."

ನಾನು ಸೊಸೆಯನ್ನು ಹೊಗಳುವವಳಲ್ಲ. ಆದರೆ ಕೆಲಸ ಕೆಲಸವೇ. ಆ ಹೂಗಳ ಹಣ್ಣು ಒಂದೂ ಸೊಟ್ಟಗಾಗಲಿಲ್ಲ.

ಹಿಂದಿನ ಚಳಿಗಾಲದಲ್ಲಿ ಒಂದೇ ಒಂದು ಹಣ್ಣು ಸಿಕ್ಕಿತ್ತು. ಅದನ್ನು ಚಾಕುವಿನಲ್ಲಿ ನಾಲ್ಕು ಮಾಡಿ ನಮಗೆಲ್ಲ ಕೊಟ್ಟಳು. ಯಜಮಾನರು ಪೇಪರಿನಿಂದ ಕಣ್ಣೆತ್ತದೆ ತಮ್ಮ ಚೂರನ್ನು ಬಾಯಿಗೆ ಹಾಕಿಕೊಂಡರು. ಹೊರಗೂ ಬಿಳಿ, ಒಳಗೂ ಬಿಳಿ. ಮೈಮೇಲೆ ಬೀಜ ಮಾತ್ರ ಕೆಂಪಗೆ, ಯಾರೋ ಸೂಜಿಯಲ್ಲಿ ಕುಂಕುಮ ಚುಕ್ಕೆ ಇಟ್ಟ ಹಾಗೆ. ಬಿಸಿಲು ಬಿದ್ದ ಕಡೆ ಕೆನ್ನೆ ಸ್ವಲ್ಪ ರಂಗೇರಿತ್ತು. ಬಾಯಿಗೆ ಹಾಕಿಕೊಳ್ಳುವ ಮೊದಲೇ ಅನಾನಸ್ ಹಣ್ಣಿನ ವಾಸನೆ ಮೂಗಿಗೆ ಬಂತು. ಕೆಂಪು ಸ್ಟ್ರಾಬೆರಿ ನನಗೆ ಸೇರುವುದಿಲ್ಲ, ನೋಡಲು ಚೆಂದ, ತಿಂದರೆ ಹುಳಿ. ಇದರಲ್ಲಿ ಆ ಹುಳಿ ಇಲ್ಲ. ನಾಲಿಗೆ ಮೇಲೆ ಇಟ್ಟರೆ ತಾನೇ ಕರಗಿತು. ಎಪ್ಪತ್ತು ದಾಟಿದ ಮೇಲೆ ಹೊಸ ರುಚಿ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಇನ್ನೊಂದು ಚೂರು ಇದೆಯಾ ಅಂತ ಕೇಳಿದೆ. ಇರಲಿಲ್ಲ.

ಜಪಾನಿನಲ್ಲಿ ಈ ಹಣ್ಣನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ಕೂರಿಸಿ ದೊಡ್ಡವರಿಗೆ ಉಡುಗೊರೆ ಕೊಡುತ್ತಾರಂತೆ. ಸೊಸೆ ಫೋನಿನಲ್ಲಿ ತೋರಿಸಿದಳು. "ಹಣ್ಣಿಗೂ ತೊಟ್ಲು ಮಾಡವ್ರೆ," ಅಂದರು ಯಜಮಾನರು. ಮೈಸೂರಿನಲ್ಲಂತೂ ಇದು ಸಿಗುವುದಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಹಣ್ಣಿನವನನ್ನು ನಾನೇ ಕೇಳಿದ್ದೇನೆ.

"ಬಿಳೀದಾ? ಕಾಯಿ ತಕೊಂಡು ಏನ್ಮಾಡ್ತೀರಮ್ಮ, ಉಪ್ಪಿನಕಾಯಿ ಹಾಕ್ತೀರಾ?" ಅಂದ.

ಅದಕ್ಕೇ ಸೊಸೆಗೆ ಇದನ್ನು ಮಾರುವ ಆಸೆ. ಗೋಕುಲಂನಲ್ಲಿ ಒಂದು ಕೇಕಿನ ಅಂಗಡಿ ಇದೆ. ಚಳಿಗಾಲದಲ್ಲಿ ಯೋಗ ಕಲಿಯಲು ಬರುವ ವಿದೇಶದವರು ಅಲ್ಲಿ ಕೂರುತ್ತಾರೆ. ಅಂಗಡಿಯವಳು ಇಲ್ಲೇ ಹುಟ್ಟಿ ಬೆಳೆದ ಕ್ರಿಶ್ಚಿಯನ್ ಹೆಣ್ಣುಮಗಳು. ಹಣ್ಣು ನೋಡಲು ಒಂದು ಭಾನುವಾರ ಮನೆಗೆ ಬರುತ್ತೇನೆ ಎಂದಿದ್ದಳು. ಅವಳು ಹೂಂ ಅಂದರೆ ತಾರಸಿ ಸೊಸೆಯದು. ಇಲ್ಲದಿದ್ದರೆ ನನ್ನ ಮಗ ಅಲ್ಲಿ ಶೀಟು ಹಾಕಿಸಿ ರೂಮು ಕಟ್ಟಿ ಬಾಡಿಗೆಗೆ ಕೊಡುತ್ತಾನೆ. ಅವನೇನೂ ಜಗಳ ಆಡಿ ಹೇಳಿದ್ದಲ್ಲ. ಈ ಚಳಿಗಾಲ ಮುಗಿಯಲಿ, ಆಮೇಲೆ ನೋಡೋಣ ಎಂದು ಗಡುವು ಕೇಳಿದವಳು ಸೊಸೆಯೇ.

ಆ ಶನಿವಾರ ಸೊಸೆ ಡಬ್ಬಿ, ಕಾಗದ ತರಲು ಪೇಟೆಗೆ ಹೋಗಿ ಕತ್ತಲಾದ ಮೇಲೆ ಬಂದಳು. ಹಣ್ಣನ್ನು ಬೆಳಿಗ್ಗೆ ತಂಪಿನಲ್ಲಿ ಕೀಳುವುದು ಎಂದು ಮಲಗಿದಳು. ಭಾನುವಾರ ಬೆಳಕು ಹರಿಯುತ್ತಲೇ ತಾರಸಿಗೆ ಹೋದವಳು ಬರಿಗೈಯಲ್ಲಿ ಇಳಿದು ಬಂದಳು.

"ಅತ್ತೆ, ಒಂದೂ ಇಲ್ಲ. ಕೋತಿ ತಿಂದ್ಕೊಂಡ್ ಹೋಗಿದೆ."

ನಾನು ಆಗ ಅನ್ನಕ್ಕೆ ಅಕ್ಕಿ ಅಳೆಯಲು ಡಬ್ಬಕ್ಕೆ ಪಾವು ಇಳಿಸಿದ್ದೆ. ಏನೋ ಮೆತ್ತಗೆ ತಾಗಿತು. ಕೈ ಹಾಕಿ ತೆಗೆದರೆ ಬಿಳಿ ಸ್ಟ್ರಾಬೆರಿ. ಅಕ್ಕಿ ಸರಿಸಿದರೆ ಇನ್ನೊಂದು, ಅದರ ಪಕ್ಕ ಮತ್ತೊಂದು.

ಪೇಪರ್ ಓದುತ್ತಿದ್ದ ಯಜಮಾನರು ತಲೆ ಎತ್ತಿದರು. ಮುಖದಲ್ಲಿ ಗೆಲುವು ಬೇರೆ.

"ಕೋತಿ ಎಲ್ಲಿ ತಿಂತು? ನಿನ್ನೆ ಸಂಜೆ ಪಕ್ಕದ ಮನೆ ಟ್ಯಾಂಕ್ ಮೇಲೆ ಕೂತಿತ್ತು ಕಣಮ್ಮ. ಬಿಟ್ರೆ ಒಂದೂ ಉಳಿಸ್ತಿರ್ಲಿಲ್ಲ. ಎಲ್ಲಾ ಕಿತ್ತು ಅಕ್ಕೀಲಿ ಹಾಕ್ಬುಟ್ಟೆ."

"ಅಕ್ಕೀಲಿ ಯಾಕ್ರೀ?"

"ಕಾಯಿ ಹಣ್ಣಾಗ್ಲಿ ಅಂತ. ಇನ್ನೂ ಬೆಳ್ಳಗವೆ, ನೋಡು."

ಅವರ ಊರಿನಲ್ಲಿ ಸೀತಾಫಲ, ಸಪೋಟ, ಮಾವು, ಏನೇ ಕಿತ್ತರೂ ಹೋಗುವುದು ಅಕ್ಕಿಯೊಳಕ್ಕೇ. ಮಾರ್ಕೆಟ್ಟಿನವನು ಕಾಯಿ ಅಂದದ್ದೂ ಇದನ್ನೇ. ನಮ್ಮ ತಾರಸಿಗೆ ಬರುವ ಪಿಕಳಾರ ಹಕ್ಕಿಗಳೂ ಅಷ್ಟೇ, ಸೊಸೆ ಒಂದು ಡಬ್ಬದಲ್ಲಿ ಬೆಳೆಸಿದ್ದ ಕೆಂಪು ಸ್ಟ್ರಾಬೆರಿಯನ್ನೆಲ್ಲ ಕುಕ್ಕಿ ಮುಗಿಸಿ, ಬಿಳಿಯದನ್ನು ಕಾಯಿ ಎಂದು ಬಿಟ್ಟು ಹೋಗಿದ್ದವು. ಹಕ್ಕಿಯ ತಪ್ಪಿನಿಂದ ನಮಗೆ ಲಾಭ ಆಗಿತ್ತು. ಇವರದರಿಂದ ಆಗಲಿಲ್ಲ.

ಸೊಸೆ ಅಕ್ಕಿಯನ್ನೆಲ್ಲ ಮೊರಕ್ಕೆ ಸುರಿದು ಹಣ್ಣು ಆರಿಸಿದಳು. ಹೂವಿಗೆ ಸವರುವ ಅದೇ ಬ್ರಷ್ಷಿನಿಂದ ಅಂಟಿದ ಕಾಳು, ಧೂಳು ತೆಗೆದಳು. ಒಂದೂ ಕೊಳೆತಿರಲಿಲ್ಲ, ಆದರೆ ಸ್ವಲ್ಪ ಬಾಡಿದ್ದವು. ಅಕ್ಕಿಕಾಳು ಒತ್ತಿ ಮೈಮೇಲೆಲ್ಲ ಸಣ್ಣ ಸಣ್ಣ ಗುಳಿ.

"ಬರ್ಬೇಡಿ ಅಂತ ಫೋನ್ ಮಾಡ್ಬುಡ್ತೀನಿ ಅತ್ತೆ."

"ಬರ್ಲಿ ಬುಡು. ತಿಂದು ನೋಡಿ ಬೇಡ ಅನ್ಲಿ. ತಿನ್ನದೆ ನೀನೇ ಯಾಕೆ ಅಂತೀಯ?"

ಯಜಮಾನರು ಪೇಪರ್ ಮುಂದೆ ಹಿಡಿದುಕೊಂಡಿದ್ದರು. ಓದುತ್ತಿರಲಿಲ್ಲ. ಪುಟ ತಿರುಗಿಸಲೇ ಇಲ್ಲ.

ಅಂಗಡಿಯವಳು ಬಂದಳು. ತಟ್ಟೆ ನೋಡಿ, "ಇದೇನಮ್ಮ, ಮೈಯೆಲ್ಲ ಗುಳಿ?" ಅಂದಳು.

ನಾನೇ ಹೇಳಿದೆ: "ನಮ್ಮ ಯಜಮಾನ್ರು ಅಕ್ಕೀಲಿ ಹಣ್ಣಿಗೆ ಹಾಕಿದ್ರು."

ಅವಳು ನಕ್ಕುಬಿಟ್ಟಳು. "ನಮ್ಮಪ್ಪನೂ ಬೆಣ್ಣೆಹಣ್ಣು ಹಂಗೇ ಇಡೋರು ಅಜ್ಜಿ." ಒಂದು ಹಣ್ಣು ಎತ್ತಿ ಮೂಸಿ ತಿಂದಳು. ಯಾರೂ ಕೊಡದೆ ತಾನೇ ಎರಡನೆಯದಕ್ಕೆ ಕೈ ಹಾಕಿದಳು. ನನಗೆ ಅಷ್ಟು ಸಾಕಾಗಿತ್ತು. ಸೊಸೆಗೆ ಸಾಲಲಿಲ್ಲ, ಅವಳ ಬಾಯನ್ನೇ ನೋಡುತ್ತಿದ್ದಳು.

"ರುಚಿಗೆ ನಾನು ಏನೂ ಹೇಳಲ್ಲ," ಅಂದಳು ಆಕೆ. "ಆದ್ರೆ ಇದನ್ನ ಕೇಕ್ ಮೇಲೆ ಇಡೋಕಾಗಲ್ಲ. ಅಲ್ಲಿ ಜನ ಮೊದ್ಲು ಮುಖ ನೋಡ್ತಾರೆ. ಗಿಡ ತೋರ್ಸಿ."

ಮೇಲೆ ಕರೆದುಕೊಂಡು ಹೋದೆವು. ಹಣ್ಣು ಒದ್ದೆಗೆ ತಾಗದಿರಲಿ ಎಂದು ಸೊಸೆ ಗಿಡದ ಬುಡಕ್ಕೆ ಭತ್ತದ ಹುಲ್ಲು ಹಾಸಿದ್ದಳು. ಅದರ ಮೇಲೆ ಮುಂದಿನ ಫಸಲು ಒರಗಿತ್ತು, ಇನ್ನೂ ತೆಳು ಹಸಿರು. ಆಕೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಹಣ್ಣಾಗಿದ್ದು ಹೆಂಗೆ ಗೊತ್ತಾಗುತ್ತೆ?"

"ಬೀಜ ಕೆಂಪಾದ್ರೆ ಆಯ್ತು," ಅಂದಳು ಸೊಸೆ.

"ಹಂಗಾದ್ರೆ ಇವನ್ನ ತನ್ನಿ. ನೋಡಿ ಹೇಳ್ತೀನಿ. ಅಕ್ಕಿ ಬೇಡ."

ಅಲ್ಲಿಂದ ಹಣ್ಣಾಗುವವರೆಗೆ ಯಜಮಾನರು ಕುರ್ಚಿ, ಕೋಲು ಹಿಡಿದು ತಾರಸಿಯಲ್ಲೇ ಬಿಡಾರ ಹೂಡಿದರು. ಕಾಫಿಯೂ ಅಲ್ಲಿಗೇ ಹೋಗಬೇಕು. ಕೋತಿ ಒಂದು ಸಲ ಬಂತು, ಇವರ ಕೂಗಿಗೆ ಬೀದಿಯವರೆಲ್ಲ ಹೊರಗೆ ಬಂದರು.

ತಲುಪಿಸುವ ದಿನ ಸೊಸೆ ಮೊಟ್ಟೆ ಟ್ರೇಯ ಒಂದೊಂದು ಗುಳಿಗೂ ತೆಳು ಕಾಗದ ಹಾಸಿ, ತೊಟ್ಟು ಹಿಡಿದು ಹಣ್ಣು ಕೂರಿಸಿದಳು. ಸ್ಕೂಟರಿನ ಹಿಂದೆ ಟ್ರೇ ತೊಡೆ ಮೇಲಿಟ್ಟುಕೊಂಡು ನಾನು ಕೂತೆ. ಗೋಕುಲಂವರೆಗೆ ಎಷ್ಟು ಹಂಪ್ ಇವೆ ಎಂದು ಆವತ್ತು ನನ್ನ ಸೊಂಟಕ್ಕೆ ತಿಳಿಯಿತು. ಪ್ರತಿಯೊಂದಕ್ಕೂ ಟ್ರೇ ಎತ್ತಿ ಹಿಡಿಯುತ್ತಿದ್ದೆ. "ಗಟ್ಟಿ ಕೂತ್ಕೊಳಿ ಅತ್ತೆ," ಅಂದಳು. "ನಾನು ಬಿದ್ರೆ ಬೀಳ್ತೀನಿ, ನೀನು ಮುಂದೆ ನೋಡು," ಅಂದೆ.

ಅಂಗಡಿಯವಳು ಒಂದೊಂದನ್ನೇ ದೀಪದ ಕೆಳಗೆ ತಿರುಗಿಸಿ ನೋಡಿದಳು. ಒಂದನ್ನೂ ಪಕ್ಕಕ್ಕಿಡಲಿಲ್ಲ. ಸಣ್ಣ ಕೇಕಿನ ಮೇಲೆ ಮೂರು ಹಣ್ಣು ಇಟ್ಟು ಗಾಜಿನೊಳಗೆ ಇರಿಸಿದಳು. ಬಿಳಿ ಕ್ರೀಮಿನ ಮೇಲೆ ಬಿಳಿ ಹಣ್ಣು, ಆ ಕೆಂಪು ಚುಕ್ಕೆಗಳು. ನಾನು ನೋಡಿದ ಮದುವೆ ಅಲಂಕಾರಗಳಲ್ಲೂ ಅಷ್ಟು ಅಚ್ಚುಕಟ್ಟು ಕಂಡಿಲ್ಲ. ಕಾಫಿ ಕುಡಿಯುತ್ತಿದ್ದ ಬಿಳಿಯ ಹೆಂಗಸೊಬ್ಬಳು ಎದ್ದು ಬಂದು ಬಗ್ಗಿ ನೋಡಿದಳು. ಅಂಗಡಿಯವಳು ಸೊಸೆಯ ಕಡೆ ತಿರುಗಿ, "ಹಣ್ಣು ಇರೋವರ್ಗೂ ವಾರ ವಾರ ತನ್ನಿ," ಅಂದಳು.

ಸೊಸೆ ಅಲ್ಲೇ ನಿಂತು ನನ್ನ ಮಗನಿಗೆ ಫೋನ್ ಮಾಡಿದಳು. ಶೀಟಿನವನಿಗೆ ಬರಬೇಡ ಅಂತ ಹೇಳಿ, ಅಷ್ಟೇ ಅಂದಳು.

ಅಕ್ಕಿಯಲ್ಲಿದ್ದ ಗುಳಿ ಬಿದ್ದ ಹಣ್ಣುಗಳನ್ನು ಆ ಭಾನುವಾರವೇ ಮನೆಯವರೆಲ್ಲ ತಿಂದು ಮುಗಿಸಿದ್ದೆವು. ಈ ಸಲ ನನಗೆ ಚೂರಲ್ಲ, ಇಡೀ ಹಣ್ಣೇ ಸಿಕ್ಕಿತ್ತು. ಯಜಮಾನರೂ ತಿಂದು, ಹಣ್ಣಾಗಿದ್ದದ್ದು ಹೌದು ಎಂದು ಒಪ್ಪಿದ್ದರು. ಅಕ್ಕಿಯಿಂದಲೇ ಹಣ್ಣಾಯಿತು ಎಂದೂ ಸೇರಿಸಿದರು, ಅದು ಬೇರೆ ಮಾತು.

ಈಗ ಅವರು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಮೇಲೆ ಹೋಗುತ್ತಾರೆ. ಒಂದೊಂದು ಗಿಡದ ಮುಂದೆಯೂ ಬಗ್ಗಿ ಬೀಜದ ಬಣ್ಣ ನೋಡುತ್ತಾರೆ. ಕೆಂಪಾಗಿದ್ದರೆ ಅಲ್ಲಿಂದಲೇ ಸೊಸೆಯನ್ನು ಕೂಗುತ್ತಾರೆ. ಅವಳು ಬರುವವರೆಗೂ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು ನಿಂತಿರುತ್ತಾರೆ. ಕೈ ಕಟ್ಟಿಕೊಳ್ಳುವುದು ಅವಳು ಮಾಡಿದ ಕಾನೂನು.