ಕಿಂಗ್ಸ್‌ಬರಿಯ ಸಿಂಹಹೃದಯ

ಲಂಡನ್ನಿನ ಮನೆಗಳಲ್ಲಿ ಕತ್ತಿ ಇಡುವುದಕ್ಕೆ ಜಾಗವಿರುವುದಿಲ್ಲ. ಛತ್ರಿಗೆ ಜಾಗವಿದೆ, ಕೆಸರು ಮೆತ್ತಿದ ಬೂಟಿಗೆ ಇದೆ, ಹಾಲಿನ ಖಾಲಿ ಬಾಟಲಿಗೂ ಬಾಗಿಲ ಹೊರಗೆ ಮರ್ಯಾದೆಯ ಒಂದು ಮೂಲೆಯಿದೆ. ಆದರೆ ಬೆಳ್ಳಿ ಬಣ್ಣ ಬಳಿದ ಆಳೆತ್ತರದ ಮರದ ಕತ್ತಿಯೊಂದು ಮನೆಗೆ ಬಂದರೆ ಗೃಹಿಣಿಯಾದವಳು ಅದನ್ನು ಎಲ್ಲಿಡಬೇಕೆಂದು ವಾಸ್ತುಶಾಸ್ತ್ರವೂ ಹೇಳಿಲ್ಲ, ಕೌನ್ಸಿಲ್ಲಿನವರೂ ಹೇಳಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ವಸಂತವಿಡೀ ಅದು ಕಿಂಗ್ಸ್‌ಬರಿಯ ನಮ್ಮ ಮನೆಯಲ್ಲಿ ಛತ್ರಿಗಳ ನಡುವೆ ನಿಂತಿತ್ತು. ಅವಸರದ ಬೆಳಿಗ್ಗೆಯೊಂದರಲ್ಲಿ ನಾನು ಛತ್ರಿಯೆಂದುಕೊಂಡು ಅದನ್ನೇ ಹಿಡಿದು ಟ್ಯೂಬ್ ರೈಲಿನ ಸ್ಟೇಷನ್ನಿನವರೆಗೆ ನಡೆದುಬಿಟ್ಟೆ. ಇಂಗ್ಲಿಷ್ ಜನರ ಸಭ್ಯತೆ ಎಂಥದೆಂದರೆ ದಾರಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಟಿಕೆಟ್ ಕಿಟಕಿಯಲ್ಲಿದ್ದವನು ಮಾತ್ರ, "ಇವತ್ತು ಅದು ಬೇಕಾಗಲಾರದು ಮೇಡಂ, ಮಳೆಯಿಲ್ಲ" ಎಂದ.

ಕತ್ತಿ ನಮ್ಮ ಯಜಮಾನರದು. ಅವರು ಧಾರವಾಡದವರು, ನಾನು ಮೈಸೂರಿನವಳು; ನಮ್ಮ ದಾಂಪತ್ಯವೆಂದರೆ ಕರ್ನಾಟಕದ ಏಕೀಕರಣ, ಅದರ ಎಲ್ಲ ಗಡಿ ತಕರಾರುಗಳೊಡನೆ. ಆಸ್ಪತ್ರೆಯಲ್ಲಿ ಅವರು ಅರಿವಳಿಕೆಯ ವೈದ್ಯರು, ಅಂದರೆ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಪ್ರಜ್ಞೆ ತಪ್ಪಿಸುವವರು. ಈ ವೃತ್ತಿಗೆ ಕೀರ್ತಿಯ ಯೋಗವಿಲ್ಲ. ರೋಗಿ ಅವರ ಮುಖ ನೋಡುವುದೇ ಎರಡು ಗಳಿಗೆ, ಎದ್ದ ಮೇಲೆ ಅದೂ ನೆನಪಿರುವುದಿಲ್ಲ. ಆ ಎರಡು ಗಳಿಗೆಯಲ್ಲೂ ಎಷ್ಟೋ ಜನ ಅವರನ್ನೇ, "ಡಾಕ್ಟರ್ ಯಾವಾಗ ಬರುತ್ತಾರೆ?" ಎಂದು ಕೇಳುತ್ತಾರಂತೆ. "ಬಂದಿದ್ದಾರೆ" ಎಂದು ನಗುತ್ತ ಇವರು ಸೂಜಿ ಚುಚ್ಚುತ್ತಾರೆ.

ಇಂಥವರು ಒಂದು ಭಾನುವಾರ ನಮ್ಮ ಬೀದಿಯ ಚರ್ಚ್ ಹಾಲಿಗೆ ಹಳೆಯ ಪರದೆಗಳನ್ನು ದಾನ ಕೊಡಲು ಹೋದವರು ಪಾತ್ರಧಾರಿಯಾಗಿ ಮರಳಿದರು. ಅಲ್ಲೊಂದು ಹವ್ಯಾಸಿ ನಾಟಕ ತಂಡ. ಹೆಂಗಸರು ಹೇರಳ, ಗಂಡಸರು ವಿರಳ. ನಿವೃತ್ತ ಭೂಗೋಳದ ಟೀಚರ್ ಡೋರತಿ ಅದರ ನಿರ್ದೇಶಕಿ. ಸಿಂಹಹೃದಯನೆಂದು ಹೆಸರಾದ ರಿಚರ್ಡ್ ರಾಜನ ಮೇಲೆ ಆಕೆಯೇ ಒಂದು ನಾಟಕ ಬರೆದಿದ್ದಳು. ಪಾರ್ಲಿಮೆಂಟಿನ ಹೊರಗೆ ಪ್ರತಿಮೆಯಾಗಿ ಕುದುರೆಯೇರಿ ಕತ್ತಿಯೆತ್ತಿ ಕೂತಿರುತ್ತಾನಲ್ಲ, ಅವನೇ.

"ರಾಜನ ವೈರಿ ಸುಲ್ತಾನನ ಪಾತ್ರಕ್ಕ ನಾನ ಬೇಕಂತ" ಎಂದು ಇವರು ಹಿಗ್ಗಿದರು. "ನೀವು ನೋಡ್ಲಿಕ್ಕೆ ಬರೋಬ್ಬರಿ ಅದೀರಿ ಅಂದ್ಲು."

ಆ 'ಬರೋಬ್ಬರಿ'ಯ ಅರ್ಥ ನನಗೆ ಹೊಳೆದಿತ್ತು. ಅವರಿಗೆ ಹೊಳೆದಿರಲಿಲ್ಲವೋ, ಹೊಳೆದೂ ನುಂಗಿಕೊಂಡರೋ, ಹೇಳಲಾರೆ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. "ಥಿಯೇಟರಿಗೆ ಹೋಗಿ ಬರ್ತೇನಿ" ಎಂದು ಹೊರಟರೆ ಯಾವ ಥಿಯೇಟರು, ರೋಗಿ ಮಲಗುವುದೋ ಪ್ರೇಕ್ಷಕ ಮಲಗುವುದೋ ತಿಳಿಯದೆ ನಾನು ಅಡಿಗೆಯ ಹೊತ್ತನ್ನೇ ಗೊತ್ತುಮಾಡಲಾರದಂತಾದೆ. ನನ್ನ ಮದುವೆಯ ರೇಷ್ಮೆ ಸೀರೆ ಸುಲ್ತಾನನ ಮುಂಡಾಸಾಯಿತು. ಲೈಬ್ರರಿಯಿಂದ ಇತಿಹಾಸದ ದಪ್ಪ ದಪ್ಪ ಪುಸ್ತಕಗಳು ಬಂದವು, ಊಟದ ಮೇಜು ಉಪನ್ಯಾಸ ಪೀಠವಾಯಿತು. ಸಾರು ಬಡಿಸುವಷ್ಟರಲ್ಲಿ ರಿಚರ್ಡ್ ಸೈಪ್ರಸ್ ಗೆದ್ದಿರುತ್ತಿದ್ದ, ಮಜ್ಜಿಗೆಯ ಹೊತ್ತಿಗೆ ಆಸ್ಟ್ರಿಯಾದಲ್ಲಿ ಸೆರೆ ಸಿಕ್ಕಿರುತ್ತಿದ್ದ. ಹತ್ತು ವರ್ಷ ಆಳಿದ ಈ ರಾಜ ಇಂಗ್ಲೆಂಡಿನಲ್ಲಿದ್ದದ್ದು ಸುಮಾರು ಆರು ತಿಂಗಳಂತೆ. ಆಡಿದ್ದು ಫ್ರಾನ್ಸಿನ ಕಡೆಯ ಮಾತಂತೆ. ಇಂಗ್ಲಿಷ್ ಬರುತ್ತಿತ್ತೆನ್ನುವುದಕ್ಕೆ ಆಧಾರವೇ ಇಲ್ಲವಂತೆ. ಕೊಳ್ಳುವವರು ಸಿಕ್ಕರೆ ಲಂಡನ್ನನ್ನೇ ಮಾರಿಬಿಡುತ್ತೇನೆ ಎಂದಿದ್ದನಂತೆ. ಈ ಕೊನೆಯ ವಿಷಯದಲ್ಲಿ ಮಾತ್ರ ನನಗೂ ಅವನಿಗೂ ಮತಭೇದವಿರಲಿಲ್ಲ.

ಹದಿಮೂರರ ಮಗಳು ಮೇಘನಾ ಕನ್ನಡವನ್ನು ಕಿವಿಯಲ್ಲಿ ತೆಗೆದುಕೊಂಡು ಇಂಗ್ಲಿಷನ್ನು ಬಾಯಲ್ಲಿ ಕೊಡುವ ಜಾತಿ. "ಡ್ಯಾಡ್, ಇಟ್ಸ್ ಓನ್ಲಿ ಎ ಪ್ಲೇ" ಎಂದು ತಟ್ಟೆಯೆತ್ತಿಕೊಂಡು ಟೀವಿಯ ಮುಂದೆ ಹೋಗುತ್ತಿದ್ದಳು. ನಾಟಕ ಬಿಟ್ಟುಬಿಡಿ ಎಂದು ನಾನು ಬೇಡಿದೆ, ಬೈದೆ, ಎರಡು ದಿನ ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರಿಗೆ ಗೊತ್ತಾಗಲಿಲ್ಲ; ಸಂಭಾಷಣೆ ಗಟ್ಟಿಮಾಡುವುದರಲ್ಲಿದ್ದರು.

ಪ್ರದರ್ಶನಕ್ಕೆ ಎರಡು ವಾರವಿತ್ತು. ರಾಜನಾಗಿದ್ದ ಕೀತ್ ಎಂಬಾತ, ವೃತ್ತಿಯಲ್ಲಿ ಮನೆ ಮಾರಾಟದ ಏಜೆಂಟು, ಮರದ ಕುದುರೆ ಹತ್ತಲು ಹೋಗಿ ಸೊಂಟ ಉಳುಕಿಸಿಕೊಂಡು ಹಾಸಿಗೆ ಹಿಡಿದ. ಆ ಸಂಜೆ ನಾನು ನನ್ನ ಸೀರೆ ವಾಪಸು ಪಡೆಯುವ ಆಸೆಯಿಂದ ಚರ್ಚ್ ಹಾಲಿಗೆ ಹೋಗಿದ್ದೆ. ಡೋರತಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಇವರು ಎದ್ದು, ರಾಜನ ಮಾತು ತಮಗೆ ಪೂರ್ತಿ ಬಾಯಿಪಾಠವಾಗಿದೆ, ಬೇಕಿದ್ದರೆ ತಾವೇ ಮಾಡುವುದಾಗಿ ವಿನಯದಿಂದ ಹೇಳಿದರು.

ಡೋರತಿ ಕೆಟ್ಟವಳಲ್ಲ, ಕನ್ನಡಕ ಒರೆಸಿದಳು, ಮತ್ತೆ ಒರೆಸಿದಳು. "ನೀವು ಬಹಳ ಚೆನ್ನಾಗಿ ಮಾಡುತ್ತೀರಿ, ಡಾಕ್ಟರ್. ಆದರೆ ಇಂಗ್ಲೆಂಡಿನ ರಾಜ... ನಿಮ್ಮ ಉಚ್ಚಾರಣೆ ಸ್ವಲ್ಪ... ನೋಡುವವರಿಗೆ ಅಭ್ಯಾಸವಿಲ್ಲ."

"ಆ ರಾಜನಿಗೆ ಇಂಗ್ಲಿಷೇ ಬರುತ್ತಿರಲಿಲ್ಲ" ಎಂದರು ಇವರು. "ನನಗೆ ಅಷ್ಟಾದರೂ ಬರುತ್ತದೆ."

ಯಾರೂ ನಗಲಿಲ್ಲ. ಅವರು ಮೆಲ್ಲಗೆ ಕೂತು, ಮಡಿಲಲ್ಲಿದ್ದ ಮುಂಡಾಸನ್ನು ಮಡಿಸತೊಡಗಿದರು. ರೋಗಿಗಳ ಎದುರು ನಗುವ ಅದೇ ನಗು ಮುಖದ ಮೇಲಿತ್ತು. ಅದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಕೇಳಿದ್ದೆನಷ್ಟೆ. ಆ ಕ್ಷಣ ನನ್ನೊಳಗೆ ಮೈಸೂರಿನ ಸೌಜನ್ಯವೆಂಬುದು ಎಲ್ಲಿ ಹೋಯಿತೋ ಕಾಣೆ. ಮೂರು ತಿಂಗಳಿಂದ ನಾಟಕ ಬೇಡವೆಂದು ಅಂಗಲಾಚಿದ್ದ ನಾನೇ ಎದ್ದು ನಿಂತು, ಇವರಿಗೆ ರಾಜನದಷ್ಟೇ ಅಲ್ಲ, ರಾಣಿಯ, ಪಾದ್ರಿಯ, ಕಾವಲುಗಾರರ ಮಾತೂ ಬಾಯಿಗೆ ಬರುತ್ತದೆ, ಇವರ ದೆಸೆಯಿಂದ ನನಗೂ ಬರುತ್ತದೆ, ರಾಜ ಇವರಾದರೆ ಸುಲ್ತಾನನಾಗಲು ನಾನು ಸಿದ್ಧ ಎಂದುಬಿಟ್ಟೆ. ಡೋರತಿ ನನ್ನನ್ನು ನೋಡಿದಳು, ಇವರನ್ನು ನೋಡಿದಳು. "ಸುಲ್ತಾನನಿಗೆ ಮೀಸೆ ಬೇಕಾಗುತ್ತದೆ" ಎಂದಳು. ಅದು ಒಪ್ಪಿಗೆಯೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೀಗೆ ನನ್ನ ಸೀರೆ ನನ್ನ ತಲೆಗೇ ಬಂತು. ಪ್ರದರ್ಶನದ ದಿನ ನನ್ನ ಮೀಸೆ ಒಂದು ಕಡೆ ಕಿತ್ತುಬಂದದ್ದನ್ನು ಬಿಟ್ಟರೆ ಹೇಳಿಕೊಳ್ಳುವ ಅನಾಹುತವೇನೂ ಆಗಲಿಲ್ಲ. ಇವರು ಕತ್ತಿಯೆತ್ತಿದಾಗ ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಎರಡನೆಯ ಅಂಕದ ಹೊತ್ತಿಗೆ ಆ ಸದ್ದೂ ಅಡಗಿತು. ಕೊನೆಯಲ್ಲಿ ರಾಜನ ಸಾವು. ಫ್ರಾನ್ಸಿನ ಸಣ್ಣದೊಂದು ಕೋಟೆಯ ಮುಂದೆ ಹೆಗಲಿಗೆ ಬಾಣ ತಗುಲಿ, ಗಾಯ ಕೊಳೆತು, ಅವನು ಮಲಗಿದ್ದಾನೆ. ಬಾಣ ಬಿಟ್ಟವನನ್ನು ಹಿಡಿದು ತರುತ್ತಾರೆ. ರಾಜ ಅವನನ್ನು ಕ್ಷಮಿಸಿ ಕಣ್ಣು ಮುಚ್ಚಬೇಕು. ಡೋರತಿ ಅಲ್ಲಿ ಅರ್ಧ ಪುಟದ ಭವ್ಯ ಇಂಗ್ಲಿಷ್ ಬರೆದಿದ್ದಳು.

ಇವರು ಬಾಯಿ ತೆರೆದರು, ನಿಲ್ಲಿಸಿದರು. ಪಕ್ಕದ ಪರದೆಯ ಮರೆಯಲ್ಲಿದ್ದ ನಾನು ಮೊದಲ ಪದವನ್ನು ಪಿಸುಗುಟ್ಟಿದೆ. ಕೇಳಿಸದವರಂತೆ ಅವರು ಬಾಣ ಬಿಟ್ಟವನ ಕೈ ಹಿಡಿದುಕೊಂಡು, ಮನೆಯ ಮಾತಿನಲ್ಲಿ, ಸಣ್ಣ ದನಿಯಲ್ಲಿ ಹೇಳಿದರು:

"ಬಿಡ್ರಿ ಅವನ್ನ. ಪಾಪ, ಅವಂದೇನೂ ತಪ್ಪಿಲ್ಲ. ಅವನ ಕೆಲಸ ಅಂವ ಮಾಡ್ಯಾನ. ನನಗ ಒಂದೀಟು ನೀರು ಕೊಡ್ರಿ."

ನಾಟಕದಲ್ಲಿ ನೀರಿರಲಿಲ್ಲ. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಆಗ ಮೊದಲ ಸಾಲಿನಲ್ಲಿ ಕೂತಿದ್ದ ಮೇಘನಾ ತನ್ನ ಬಾಟಲಿ ಹಿಡಿದು ಮೆಟ್ಟಿಲೇರಿ ಬಂದಳು, ರಾಜನ ತಲೆಯೆತ್ತಿ ಎರಡು ಗುಟುಕು ಕುಡಿಸಿದಳು. "ತಗೋ ಅಪ್ಪಾ" ಎಂದಳು. ರಾಜ ಕಣ್ಣು ಮುಚ್ಚಿದ. ಆಮೇಲೆ ಚಪ್ಪಾಳೆ.

ಚಹಾದ ಹೊತ್ತಿನಲ್ಲಿ ವೃದ್ಧೆಯೊಬ್ಬರು ಡೋರತಿಯ ಕೈ ಕುಲುಕಿ, ರಾಜನ ಕೊನೆಯ ಮಾತನ್ನು ಅವನದೇ ಹಳೆಯ ಫ್ರೆಂಚಿನಲ್ಲಿ ಆಡಿಸಿದ್ದು ಎಂಥ ಅಪೂರ್ವ ಯೋಚನೆ ಎಂದು ಕೊಂಡಾಡಿದರು. ಡೋರತಿ ನಮ್ಮತ್ತ ಒಮ್ಮೆ ನೋಡಿ, "ಅದು ಡಾಕ್ಟರರದೇ ಯೋಚನೆ" ಎಂದಳು.

ಕಾರಿನಲ್ಲಿ ನಾನು ಬಿಡಲಿಲ್ಲ. ಮರೆತೆ ಎನ್ನಬೇಡಿ, ಉಳಿದವರ ಪಾತ್ರದ ಮಾತೆಲ್ಲ ಬರುವವರಿಗೆ ಅದೊಂದೇ ಮರೆಯುವುದುಂಟೆ ಎಂದು ದಬಾಯಿಸಿದೆ.

"ಮರತಿರ್ಲಿಲ್ಲ" ಎಂದರು. "ದಿನಾ ನೋಡ್ತೇನಲ್ಲ, ಮಂಪರು ಹತ್ತೂ ಮುಂದ ಎಲ್ಲಾರೂ ಅವರವರ ಮನಿ ಮಾತಿಗೇ ಹೋಗ್ತಾರ. ಮೊನ್ನೆ ಒಬ್ಬಾಕಿ ಮುದುಕಿ ಗುಜರಾತಿಯೊಳಗ ಅವ್ವನ್ನ ಕರೀಲಿಕತ್ತಿದ್ಲು. ಸಾಯೂ ಹೊತ್ತಿನ್ಯಾಗ ಯಾರರೆ ಇಂಗ್ಲಿಷ್ ಮಾತಾಡ್ತಾರೇನು?"

ಹಿಂದಿನ ಸೀಟಿನಲ್ಲಿ ಮೇಘನಾ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡದ್ದುಂಟು, ಸೊಪ್ಪು ಬಿಡಿಸುವಾಗ, ಬಸ್ಸಿಗೆ ಕಾಯುವಾಗ: ನನ್ನ ಕೊನೆಯ ಮಾತು ಯಾವುದಾಗಿದ್ದೀತು? ಸಂದೇಹವೇನಿಲ್ಲ. ಅದು ಅಚ್ಚ ಮೈಸೂರು ಕನ್ನಡದಲ್ಲಿರುತ್ತದೆ, ಮತ್ತು ಇವರ ಮೇಲಿನ ದೂರೇ ಆಗಿರುತ್ತದೆ.