ಅಮ್ಮನ ಎಳೆಬಿಸಿಲು

ನನ್ನ ಅಕ್ಕನ ಗಂಡ ನಮಗೆ ಸೋದರಮಾವ, ಅಮ್ಮನ ಸ್ವಂತ ತಮ್ಮ. ಮದುವೆ ಮಾಡಿಸಿದವಳು ಅಮ್ಮನೇ. “ನನ್ ಮಗ್ಳು ಯಾರ್ದೋ ಮನೇಗೋಗಿ ಕಣ್ಣೀರಾಕೋದು ಬ್ಯಾಡ, ನಮ್ಮಲ್ಲೇ ಇರ್ಲಿ” ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಚಿಕ್ಕಬಾಣಾವರದ ನಮ್ಮ ನಂಟರಲ್ಲಿ ಇದೇನೂ ಹೊಸದಲ್ಲ. ಗಂಡಹೆಂಡಿರು ಚೆನ್ನಾಗಿಯೇ ಇದ್ದರು. ಮಾವ ಪೀಣ್ಯದಲ್ಲಿ ಲೇತ್ ಮೆಷಿನ್ ಓಡಿಸುತ್ತಾನೆ, ಅಕ್ಕ ಅಲ್ಲೇ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಇಬ್ಬರೂ ಅಮ್ಮನ ಜೊತೆಯೇ ಇರುತ್ತಾರೆ, ಅವರ ಒಬ್ಬಳೇ ಮಗಳನ್ನು ಹಗಲೆಲ್ಲ ನೋಡಿಕೊಳ್ಳುವುದು ಅಮ್ಮ.

ನಾನಿರುವುದು ವೈಟ್‌ಫೀಲ್ಡಿನಲ್ಲಿ. ಜೀನ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಊರವರ ರಕ್ತದಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡು. ಅಕ್ಕನ ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ಮುಖದ ತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಎದ್ದವು. ಬೆಳಕಿಗೆ ಬಂದರೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ದೃಷ್ಟಿಯಾಗಿದೆ ಎಂದು ಅಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನನಗೆ ಮಾತ್ರ ಲ್ಯಾಬಿನಲ್ಲಿ ಕಂಡಿದ್ದ ಒಂದು ರೋಗ ನೆನಪಾಯಿತು. ಜಗಳ ಮಾಡಿ ಮನೆಯವರೆಲ್ಲರ ರಕ್ತ ಪರೀಕ್ಷೆಗೆ ಕಳಿಸಿದೆ.

ಬಿಸಿಲು ಬಿದ್ದಾಗ ಯಾರದೇ ಚರ್ಮದಲ್ಲಾದರೂ ಡಿಎನ್‌ಎ ಅಷ್ಟಿಷ್ಟು ಕೆಡುತ್ತದೆ. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಹೊಸದನ್ನು ಕೂರಿಸುವ ರಿಪೇರಿ ಕೆಲಸ ಒಳಗೇ ನಡೆಯುತ್ತಿರುತ್ತದೆ. ಆ ಕೆಲಸದ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಸಂಭಾಳಿಸುತ್ತದೆ, ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಅಮ್ಮನಿಗೆ, ಮಾವನಿಗೆ, ಅಕ್ಕನಿಗೆ ಹಾಗೆ ಒಂದೊಂದು ಕೆಟ್ಟಿತ್ತು. ಮಗುವಿಗೆ ಎರಡೂ ಕೆಟ್ಟವೇ ಸಿಕ್ಕಿದ್ದವು. ಅವಳ ಮೈಯಲ್ಲಿ ಬಿಸಿಲು ಮಾಡಿದ ಗಾಯ ಹಾಗೇ ಉಳಿದು ಉಳಿದು ಕೊನೆಗೆ ಕ್ಯಾನ್ಸರ್ ಆಗುತ್ತದೆ. ಔಷಧಿ ಇಲ್ಲ. ಬಿಸಿಲಿನಿಂದ ದೂರವಿಡುವುದೊಂದೇ ದಾರಿ. ಮನೆಯಲ್ಲಿ ಇದನ್ನೆಲ್ಲ ಹೇಳುವಾಗ ರಿಪೇರಿ, ಬಿಸಿಲು, ಕ್ಯಾನ್ಸರ್ ಎಂದಷ್ಟೇ ಹೇಳಿದೆ. ಯಾರದು ಯಾರಿಗೆ ಬಂತು ಎಂಬುದನ್ನು ನುಂಗಿಕೊಂಡೆ.

ಕಿಟಕಿಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿದೆವು. ಮಗು ಸಂಜೆ ಕತ್ತಲಾದ ಮೇಲಷ್ಟೇ ಹೊರಗೆ ಕಾಲಿಡುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಕಾಲು ನೋವೆಂದು ಅಳತೊಡಗಿದಳು. ಚರ್ಮದ ಮೇಲೆ ಬಿಸಿಲು ಬಿದ್ದರೆ ತಾನೇ ವಿಟಮಿನ್ ಡಿ ತಯಾರಾಗುವುದು, ಆಮೇಲೆ ತಾನೇ ಲಿವರ್, ಕಿಡ್ನಿ ಅದನ್ನು ಹದ ಮಾಡಿ ಮೂಳೆಗೆ ಒದಗಿಸುವುದು? ಇವಳಲ್ಲಿ ಆ ದಾರಿ ಶುರುವಿನಲ್ಲೇ ಕಟ್ಟಿತ್ತು. ಡಾಕ್ಟರು ಡ್ರಾಪ್ಸ್ ಬರೆದುಕೊಟ್ಟರು. ಬಿಸಿಲು ಸಿಗದೆ ಮೂಳೆ ಸೊರಗಿದೆಯಂತೆ ಎಂದು ಅಕ್ಕ ಮನೆಗೆ ಬಂದು ಅಮ್ಮನಿಗೆ ಹೇಳಿದಳು.

ಭಾನುವಾರ ನಾನು ಮನೆ ಮುಟ್ಟುವಾಗ ಮಧ್ಯಾಹ್ನವಾಗಿರುತ್ತಿತ್ತು. ಒಂದು ಸಲ ಯಾರದೋ ಕಾರು ಸಿಕ್ಕಿ ಬೆಳಿಗ್ಗೆಯೇ ಬಂದೆ. ಅಕ್ಕ, ಮಾವ ಇನ್ನೂ ಎದ್ದಿರಲಿಲ್ಲ. ತಾರಸಿಯ ಮೇಲಿಂದ ಮಗುವಿನ ನಗು ಕೇಳಿ ಮೆಟ್ಟಿಲು ಹತ್ತಿದೆ. ಅಮ್ಮ ಅವಳ ಮೈಗೆಲ್ಲ ಎಣ್ಣೆ ತಿಕ್ಕಿ, ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿ, ಸೂರ್ಯನಿಗೆ ಎದುರಾಗಿ ಚಾಪೆಯ ಮೇಲೆ ಕೂರಿಸಿದ್ದಳು.

“ಅಮ್ಮಾ! ಸಾಯಿಸ್ಬಿಡ್ತೀಯಾ ಮಗೂನಾ?”

“ಕಿರುಚ್ಬ್ಯಾಡ. ಎಳೇ ಬಿಸ್ಲು ಕಣೇ ಇದು, ಉರಿ ಬಿಸ್ಲಲ್ಲ. ನಿಮ್ಮನ್ನೂ ಇಂಗೇ ಕೂರ್ಸಿ ಬೆಳೆಸ್ಲಿಲ್ವಾ? ದಿನಾ ಒಂದ್ ಗಳಿಗೆ ಅಷ್ಟೇ. ಕಾಲಲ್ಲಿ ಶಕ್ತಿ ಇಲ್ದಿದ್ರೆ ನಾಳೆ ಅದು ನಡಿಯೋದೆಂಗೆ?”

ದಿನಾ! ನನ್ನ ದುಪಟ್ಟಾದಲ್ಲಿ ಮಗುವನ್ನು ಸುತ್ತಿಕೊಂಡು ಕೆಳಗಿಳಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಉಳಿಯುತ್ತದೆ ಎಂದು ಅಕ್ಕನ ಮುಂದೆಯೇ ಅಮ್ಮನನ್ನು ಅಂದೆ. ಅಮ್ಮ ಕೈಯ ಎಣ್ಣೆಯನ್ನು ತಲೆಗೆ ಸವರಿಕೊಂಡು ಒಳಗೆ ಹೋದಳು. ಅಂದು ಅಮ್ಮನನ್ನು ಬೈದದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಆ ಗಾದೆ ಅವಳಿಗೆ ಹೊಂದುವಂಥದ್ದಲ್ಲ. ಅವಳು ತಾನು ಅರಿತ ಮಟ್ಟಿಗೆ ಹೊಲಕ್ಕೆ ನೀರು ಹಾಯಿಸುತ್ತಿದ್ದಳು.

ಐದನೇ ವರ್ಷಕ್ಕೆ ಮಗುವಿನ ಮೂಗಿನ ತುದಿಯಲ್ಲಿ ಮುತ್ತಿನಂಥ ಗಂಟು ಎದ್ದಿತು. ಪರೀಕ್ಷೆಗೆ ಕಳಿಸಿದರೆ ಅದೇ, ಕ್ಯಾನ್ಸರ್. ಆಪರೇಷನ್ ಮಾಡಿ ತೆಗೆದರು. ಇದು ಮೊದಲನೆಯದು, ಇನ್ನೂ ಬರುತ್ತವೆ, ಕಣ್ಣಿನ ಮೇಲೂ ನಿಗಾ ಇರಲಿ ಎಂದರು ಡಾಕ್ಟರು. ಮಗುವನ್ನು ವಾರ್ಡಿಗೆ ತರುವವರೆಗೆ ನಾವೆಲ್ಲ ಹೊರಗೆ ಕಾಯುತ್ತಿದ್ದೆವು. ಅಮ್ಮ ನನ್ನ ಪಕ್ಕಕ್ಕೆ ಸರಿದು ಕೂತಳು.

“ನಾನು ಮ್ಯಾಲೆ ಕೂರಿಸ್ತಿದ್ನಲ್ಲ, ಅದ್ರಿಂದ್ಲೇ ಬಂತೇನೇ?”

ಇದಕ್ಕೆ ನಿಜವಾದ ಉತ್ತರ ಯಾರ ಬಳಿಯೂ ಇಲ್ಲ. ಎಳೆಬಿಸಿಲಿನಲ್ಲಿ ಕೆಡುಕು ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ. ರೋಗ ಗೊತ್ತಾಗುವ ಮುಂಚೆಯೇ ಮಗು ಎರಡು ಬೇಸಿಗೆ ಬಿಸಿಲಲ್ಲಿ ಆಡಿದ್ದಳು. ಯಾವ ದಿನದ ಬಿಸಿಲು ಆ ಗಂಟಾಯಿತು ಎಂದು ನನ್ನ ಲ್ಯಾಬಿನಲ್ಲೂ ಹೇಳಲಾಗದು. ಆದರೆ ಅಮ್ಮನ ಮುಖ ಬಾಡಿ ಇಷ್ಟಾಗಿತ್ತು. ಅವಳ ಕೈ ಹಿಡಿದುಕೊಂಡೆ.

“ಅಲ್ಲಮ್ಮ, ನೀನೇನೂ ಮಾಡಿಲ್ಲ. ಹುಟ್ತಾನೇ ಬಂದಿರೋದು ಇದು. ಅವಳಪ್ಪ ಅಮ್ಮ ಇಬ್ರಲ್ಲೂ ಒಂದೇ ತಪ್ಪು ಇತ್ತು, ಎರಡೂ ಅವಳಿಗೆ ಸೇರ್ಕೊಂಡ್ಬಿಡ್ತು, ಅಷ್ಟೇ.”

ಅಮ್ಮನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಅವಳು ಎದುರು ಬೆಂಚಿನತ್ತ ನೋಡಿದಳು. ಅಲ್ಲಿ ಮಾವ ಮಗುವಿನ ಫ್ರಾಕು ಹಿಡಿದು ಕೂತಿದ್ದ, ಅಕ್ಕ ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

“ಅವ್ರಿಬ್ರನ್ನ ಸೇರಿಸ್ದೋಳು ನಾನೇ ಅಲ್ವೇನೇ,” ಎಂದಳು ಅಮ್ಮ.